ಬೆಳಕಿನ ಎಳೆಗೆ ಕಾವಲು

ನಮ್ಮನೆಯವರನ್ನು ಕೆಟ್ಟವರೆಂದು ಯಾರೂ ಹೇಳುವುದಿಲ್ಲ. ಬುದ್ಧಿವಂತರೆಂದೂ ಯಾರೂ ಅವಸರಪಟ್ಟು ಹೇಳುವುದಿಲ್ಲ. ಕೆಲಸದಲ್ಲಿ ಮಾತ್ರ ಅವರು ಪ್ರಾಮಾಣಿಕರು. ಕೂದಲಿಗಿಂತ ತೆಳ್ಳಗಿರುವ ಗಾಜಿನ ಎಳೆಗಳನ್ನು ಬೆಸೆದು ಫೈಬರ್ ಕೇಬಲ್ ಜೋಡಿಸುವುದು ಅವರ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದರು, ಹನ್ನೊಂದು ವರ್ಷದಿಂದಲೂ ಹಂಗಾಮಿ.

ಅವರಲ್ಲಿ ಒಂದೇ ಒಂದು ದೋಷವಿದೆ. ಮುಚ್ಚಿಟ್ಟದ್ದು ಸರಿಯಾಗಿ ಮುಚ್ಚಿದೆಯೇ ಎಂದು ತೆರೆದು ನೋಡದಿದ್ದರೆ ಅವರಿಗೆ ಸಮಾಧಾನವಿಲ್ಲ. ನಾನು ಹಾಲಿಗೆ ಹೆಪ್ಪು ಹಾಕಿ ಮೂಲೆಯಲ್ಲಿಟ್ಟರೆ, ಮೊಸರಾಯಿತೇ ಎಂದು ಗಂಟೆಗೊಮ್ಮೆ ತಟ್ಟೆ ಸರಿಸಿ ಪಾತ್ರೆಯನ್ನು ಓರೆ ಮಾಡಿ ನೋಡುತ್ತಾರೆ. ಮದುವೆಯಾಗಿ ಹದಿನಾಲ್ಕು ವರ್ಷಗಳಾದವು. ನಮ್ಮ ಮನೆಯಲ್ಲಿ ಮೊಸರು ಗಟ್ಟಿಯಾಗಿ ಕೂತದ್ದು ಅವರು ಪರವೂರಿನ ಕೆಲಸಕ್ಕೆ ಹೋದ ದಿನಗಳಲ್ಲಿ ಮಾತ್ರ.

ಇಂಥವರ ಕೈಗೆ ಕ್ವಾಂಟಮ್ ಲೈನು ಬಂತು.

ವಿಷಯವನ್ನು ಹೇಳಲು ಇಂಜಿನಿಯರ್ ಮೇಡಂ ತಾವೇ ನಮ್ಮ ಮನೆಗೆ ಬಂದಿದ್ದರು. ಕೇಬಲ್ ಪೂರ್ತಿ ನೆಲದಡಿಯಲ್ಲಿ ಹೋಗುತ್ತಿತ್ತು. ನೆಲದ ಮೇಲೆ ಬರುತ್ತಿದ್ದದ್ದು ಒಂದೇ ಕಡೆ, ನಮ್ಮ ಮನೆಗೂ ಪಕ್ಕದ ಅಂಚೆ ಮಾಮನ ಮನೆಗೂ ನಡುವಿನ ಗೋಡೆಯ ಮೇಲೆ. ಅಲ್ಲಿ ಎದೆಯೆತ್ತರಕ್ಕೆ ಒಂದು ಬೂದುಬಣ್ಣದ ಡಬ್ಬಿ ಕೂರಿಸಿದ್ದರು. ಒಳಗೆ ಎಳೆಯ ಜೋಡಣೆ, ಹೆಚ್ಚಿಗೆ ಉಳಿದ ಎಳೆಯ ಸುರುಳಿ.

ಮೇಡಂ ಚಹಾ ಹಿಡಿದುಕೊಂಡೇ ವಿವರಿಸಿದರು. "ಆ ಕಡೆ ದೊಡ್ಡಾಸ್ಪತ್ರೆ, ಈ ಕಡೆ ಅವರ ದಾಖಲೆ ಕಟ್ಟಡ. ರೋಗಿಗಳ ಕಾಗದಪತ್ರ ಗುಟ್ಟಾಗಿ ಹೋಗಿ ಬರಬೇಕು. ಅದಕ್ಕೆ ಎರಡೂ ಕಡೆ ಒಂದೇ ರಹಸ್ಯ ಸಂಖ್ಯೆ ಬೇಕು. ಆ ಸಂಖ್ಯೆನ ಬೆಳಕಿನ ಒಂದೊಂದೇ ಕಣದಲ್ಲಿ ಈ ಎಳೆಯೊಳಗೆ ಕಳಿಸ್ತೀವಿ. ದಾರಿಯಲ್ಲಿ ಯಾರಾದ್ರೂ ಕದ್ದು ನೋಡೋಕೆ ಹೋದ್ರೆ ಕಣ ಮೊದಲಿನ ಹಾಗೆ ಇರಲ್ಲ. ಎರಡೂ ಕಡೆ ತಾಳೆ ನೋಡಿದಾಗ ತಪ್ಪು ಜಾಸ್ತಿ ಸಿಕ್ಕುತ್ತೆ. ಕೂಡಲೇ ಯಂತ್ರ ಕೂಗಿಕೊಂಡು ಆ ಸಂಖ್ಯೆನೇ ಬಿಸಾಕಿಬಿಡುತ್ತೆ."

"ಅಂದ್ರೆ ಕಳ್ಳ ಮುಟ್ಟಿದ್ರೆ ಗೊತ್ತಾಗಿಬಿಡತ್ತೆ ಅನ್ನು," ಎಂದರು ನಮ್ಮತ್ತೆ.

"ಹೌದಜ್ಜಿ, ಮುಟ್ಟಿದ ನಿಮಿಷಾನೇ ಗೊತ್ತಾಗುತ್ತೆ."

"ಹಾಗಾದ್ರೆ ನಮ್ಮ ಬಿಸ್ಕತ್ ಡಬ್ಬಿಗೂ ಅಂಥದ್ದೊಂದು ಹಾಕ್ಸಿಕೊಡಮ್ಮಾ."

ನನ್ನ ಮಗಳು ಹೋಂವರ್ಕ್ ನೆನಪಾಯಿತೆಂದು ಎದ್ದು ಒಳಗೆ ಹೋದಳು.

ಮೇಡಂ ನಮ್ಮನೆಯವರ ಕೈಗೆ ಡಬ್ಬಿಯ ಬೀಗದಕೈ ಕೊಟ್ಟರು. "ಮೂವತ್ತು ದಿನ ನೀವೇ ಇದಕ್ಕೆ ಕಾವಲು. ನಾನು ಹೇಳದೆ ಯಾರೂ ಇದನ್ನ ತೆರೆಯೋ ಹಾಗಿಲ್ಲ. ಒಂದೂ ಎಚ್ಚರಿಕೆ ಬರದೆ ಮೂವತ್ತು ದಿನ ಕಳೆದರೆ, ನಿಮ್ಮನ್ನ ಕಾಯಂ ಮಾಡೋ ಕಾಗದಕ್ಕೆ ನಾನೇ ಶಿಫಾರಸು ಬರೀತೀನಿ."

ಕಾಯಂ! ಆ ಮಾತು ಕೇಳಿ ನಮ್ಮತ್ತೆ ಮೇಡಂಗೆ ಇನ್ನೊಂದು ಲೋಟ ಚಹಾ ಬಗ್ಗಿಸಿದರು. ಮೇಡಂ ಬೇಡವೆಂದರೂ ಬಿಡಲಿಲ್ಲ.

ಮೊದಲ ಮೂರು ದಿನ ಎಲ್ಲವೂ ಸುಸೂತ್ರವಾಗಿತ್ತು. ನಮ್ಮನೆಯವರಿಗೆ ಡಬ್ಬಿಯೆಂದರೆ ಭಯ. ಹತ್ತಿರವೂ ಸುಳಿಯದೆ, ಎದುರುಗಡೆ ಇಸ್ತ್ರಿ ಅಂಗಡಿಯ ಬೆಂಚಿನ ಮೇಲೆ ಕೂತು ದೂರದಿಂದಲೇ ಕಾದರು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಚೌಕಗಳಿಗೆ ಸರಿಗುರುತು ಬಿತ್ತು.

ಆದರೆ ಬೆಂಚಿನ ಮೇಲೆ ಕೂತವರು ಬಾಯಿ ಮುಚ್ಚಿಕೊಂಡು ಕೂರಬೇಕಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಇಡೀ ಬೀದಿಗೆ ಕ್ವಾಂಟಮ್ ಪಾಠವಾಗಿತ್ತು. "ಇದು ಸಾಮಾನ್ಯ ಲೈನಲ್ಲ. ಕದ್ದು ನೋಡಿದರೆ ಲೈನಿಗೇ ಗೊತ್ತಾಗತ್ತೆ," ಎಂದು ಎದೆಯುಬ್ಬಿಸಿ ಹೇಳಿದ್ದರು. ಪರಿಣಾಮವಾಗಿ ಬೀದಿಯ ಜನ ಡಬ್ಬಿಯ ಮುಂದೆ ಬಂದಾಗ ಕುತ್ತಿಗೆಯನ್ನು ಆ ಕಡೆ ತಿರುಗಿಸಿಕೊಂಡು ದಾಟುತ್ತಿದ್ದರು. ಹಾಗೆ ದಾಟುವಾಗ ದರ್ಜಿಯ ಹೆಂಡತಿ ಒಮ್ಮೆ ದೀಪದ ಕಂಬಕ್ಕೆ ಡಿಕ್ಕಿ ಹೊಡೆದರು.

ಇಸ್ತ್ರಿಯವನಿಗೆ ಮಾತ್ರ ಸಂಶಯ. "ಅಲ್ಲಣ್ಣಾ, ಲೈನಿಗೆ ಗೊತ್ತಾಗತ್ತೆ ಸರಿ. ನಿಮಗೆ ಹೇಗೆ ಗೊತ್ತಾಗತ್ತೆ? ನೀವು ಊಟಕ್ಕೆ ಹೋದಾಗ ಯಾರಾದ್ರೂ ತೆಗೆದು ಮುಚ್ಚಿಟ್ಟು ಹೋದ್ರೆ?"

ಈ ಪ್ರಶ್ನೆಯನ್ನು ಅವನು ಅಂಗಿಯ ತೋಳು ಮಡಚುತ್ತ ತಮಾಷೆಗೆ ಕೇಳಿದ್ದು. ನಮ್ಮನೆಯವರು ಎದ್ದು ಹೋಗಿ ಬೀಗ ತೆಗೆದು, ಮುಚ್ಚಳ ಎತ್ತಿ, ಕೆಲಸದವರ ಅಭ್ಯಾಸದಂತೆ ಹೆಬ್ಬೆರಳಿನಿಂದ ಸುರುಳಿಯನ್ನು ಒಮ್ಮೆ ಒತ್ತಿ ನೋಡಿ, ಮತ್ತೆ ಮುಚ್ಚಿ ಬಂದರು. ಬಂದು ಹೊಸ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದರು: "ತೆರೆದು ನೋಡಿದೆ. ಯಾರೂ ತೆರೆದಿಲ್ಲ."

"ರೀ, ತೆರೆಯಬೇಡಿ ಅಂದಿದ್ರಲ್ಲ?" ಎಂದೆ ನಾನು.

"ಯಾರೂ ತೆರೆಯೋ ಹಾಗಿಲ್ಲ ಅಂದ್ರು. ನಾನೇನು ಯಾರೋ ಅಲ್ಲವಲ್ಲ. ಕಾವಲುಗಾರ. ಹನ್ನೊಂದು ವರ್ಷದಿಂದ ಇಂಥ ಸಾವಿರ ಡಬ್ಬಿ ತೆಗೆದಿದ್ದೀನಿ, ಒಬ್ಬರ ಫೋನಾದರೂ ಕಡಿದುಹೋಗಿದೆಯಾ?"

ಅದೂ ನಿಜವೇ. ನಾನು ಬಟ್ಟೆ ನೆನೆಹಾಕಲು ಹೋದೆ.

ಸ್ವಲ್ಪ ಹೊತ್ತಿಗೆ ಮೇಡಂ ಫೋನ್ ಮಾಡಿದರು. "ಮೊದಲನೇ ಎಚ್ಚರಿಕೆ ಬಂದಿದೆ! ಹೊರಗಿನವರು ಯಾರಾದ್ರೂ ಡಬ್ಬಿಗೆ ಕೈ ಹಾಕಿದ್ರಾ?"

"ಹೊರಗಿನವರು ಯಾರೂ ಇಲ್ಲ ಮೇಡಂ! ನಾನು ಇಲ್ಲೇ ಇದ್ದೀನಿ."

"ಇವತ್ತಿನ ದಿನ ಲೆಕ್ಕಕ್ಕಿಲ್ಲ. ಮತ್ತೆ ಒಂದರಿಂದ ಶುರು. ಇನ್ನೂ ಹುಷಾರಾಗಿರಿ."

ನಮ್ಮನೆಯವರು ಇನ್ನೂ ಹುಷಾರಾದರು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೆರೆದು, ಯಾರೂ ತೆರೆದಿಲ್ಲವೆಂದು ಖಚಿತಪಡಿಸಿಕೊಂಡರು. ಬೆಳಗ್ಗೆ ಒಂದು, ಸಂಜೆ ಒಂದು ಎಚ್ಚರಿಕೆ ಬಂತು. ಕಳ್ಳ ಚಾಲಾಕಿ ಎಂದುಕೊಂಡು ದಿನಕ್ಕೆ ನಾಲ್ಕು ಸಲ ನೋಡತೊಡಗಿದರು. ಎಚ್ಚರಿಕೆಯೂ ನಾಲ್ಕಾಯಿತು.

"ನಾನು ಕಾವಲು ಜಾಸ್ತಿ ಮಾಡಿದಷ್ಟೂ ಅವನಿಗೆ ಧೈರ್ಯ ಜಾಸ್ತಿಯಾಗ್ತಿದೆ ನೋಡು," ಎಂದು ಕೈಕೈ ಹಿಸುಕಿಕೊಂಡರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಊಟದ ತಟ್ಟೆಯನ್ನು ಕಿಟಕಿಯ ಮೇಲಿಟ್ಟುಕೊಂಡು ನಿಂತೇ ಉಂಡರು. ಕ್ಯಾಲೆಂಡರಿನ ಚೌಕಗಳಲ್ಲಿ ಸರಿಗುರುತಿನ ಬದಲು ಅಡ್ಡಗೆರೆಗಳು ಸಾಲುಗಟ್ಟಿದವು.

ಹದಿನೈದನೆಯ ದಿನ ಭದ್ರತಾ ಅಧಿಕಾರಿ ಬಂದರು. ಅಗಲವಾದ ಬೆಲ್ಟು, ಕಿರಿದಾದ ನಗು. ಡಬ್ಬಿಯ ಸುತ್ತ ಟೇಪು ಹಿಡಿದು ಅಳೆದರು. ಡಬ್ಬಿಯಿಂದ ಎರಡೇ ಅಡಿ ದೂರದಲ್ಲಿ, ತನ್ನ ಜಗಲಿಯ ಬೆತ್ತದ ಕುರ್ಚಿಯಲ್ಲಿ ಅಂಚೆ ಮಾಮ ಪದಬಂಧ ಬಿಡಿಸುತ್ತ ಕೂತಿದ್ದ.

"ದಿನಾ ಇಲ್ಲೇ ಕೂರ್ತೀರಾ?"

"ಹೌದು."

"ಯಾಕೆ?"

"ಬೇರೆಯವರ ಮನೆ ಮುಂದೆ ಕೂತ್ರೆ ಬೈತಾರೆ," ಎಂದ ಅಂಚೆ ಮಾಮ.

ಅಧಿಕಾರಿ ಅದನ್ನು ಬರೆದುಕೊಂಡರು. "ನಿವೃತ್ತಿಗೆ ಮುಂಚೆ ಏನು ಕೆಲಸ?"

"ಅಂಚೆ ಹಂಚೋದು. ಮೂವತ್ನಾಲ್ಕು ವರ್ಷ."

"ಓಹೋ! ಬೇರೆಯವರ ಕಾಗದ ಕೈಗೆ ಬರ್ತಿತ್ತು ಅನ್ನಿ."

ಅಂಚೆ ಮಾಮನ ಕೈಯಲ್ಲಿದ್ದ ಪೆನ್ಸಿಲ್ಲು ನಿಂತಿತು. ಅವನನ್ನು ಬೀದಿಯಲ್ಲಿ ಎಲ್ಲರೂ ಬಲ್ಲರು. ಬರಿಯ ಕಾರ್ಡನ್ನು ಕೂಡ ಬರಹದ ಮಗ್ಗುಲು ಕೆಳಗೆ ಮಾಡಿ ಕೈಗಿಡುತ್ತಿದ್ದ ಮನುಷ್ಯ. ಓದು ಬಾರದ ಮುದುಕಿಯೊಬ್ಬಳು ಓದಿ ಹೇಳಪ್ಪಾ ಎಂದರೆ, "ನೀನು ಹೇಳಿದೀಯಾ ಅಂತ ಓದ್ತೀನಿ, ಓದಿ ಮರೀತೀನಿ," ಎಂದೇ ಶುರು ಮಾಡುತ್ತಿದ್ದನಂತೆ.

ಮರುದಿನದಿಂದ ಅಂಚೆ ಮಾಮ ಜಗಲಿಗೆ ಬರಲಿಲ್ಲ. ಕುರ್ಚಿಯನ್ನು ಒಳಗೆ ಹಾಕಿಕೊಂಡು ಕಿಟಕಿ ಮುಚ್ಚಿದ. ಪದಬಂಧದಲ್ಲಿ ಸಿಕ್ಕಿಹಾಕಿಕೊಂಡಾಗ "ನಾಲ್ಕಕ್ಷರ, ನಡುವೆ 'ವ' ಬರಬೇಕು ಮಗೂ," ಎಂದು ನನ್ನ ಮಗಳನ್ನು ಕೂಗುವ ದನಿಯೂ ನಿಂತಿತು.

"ಅಪ್ಪಾ, ತಾತ ಯಾಕೆ ಹೊರಗೆ ಬರ್ತಿಲ್ಲ?" ಎಂದಳು ಮಗಳು.

"ಕಳ್ಳ ಸಿಕ್ಕ ಕೂಡಲೇ ಬರ್ತಾರೆ," ಎಂದು ನಮ್ಮನೆಯವರು ಅಂದಿನಿಂದ ದಿನಕ್ಕೆ ಏಳು ಸಲ ಡಬ್ಬಿ ತೆರೆದರು.

ಹದಿನೆಂಟನೆಯ ದಿನ ಮಧ್ಯಾಹ್ನ ಕಪಾಟು ಒರೆಸುತ್ತಿದ್ದೆ. ಮೇಡಂ ಕಳಿಸಿದ್ದ ಎಚ್ಚರಿಕೆಗಳ ಪಟ್ಟಿಯನ್ನು ಇವರು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದರು. ಕೆಳಗಿನ ಹಲಗೆಯಲ್ಲಿ ನೋಟ್‌ಬುಕ್ಕು ತೆರೆದುಕೊಂಡಿತ್ತು. ಒರೆಸುವ ಬಟ್ಟೆ ಕೈಯಲ್ಲಿರುವಾಗಲೇ ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿ ಏಳು ಹತ್ತು. ನೋಟ್‌ಬುಕ್ಕಿನಲ್ಲಿ ಏಳು ಹತ್ತು. ಪಟ್ಟಿಯಲ್ಲಿ ಒಂಬತ್ತು ನಲವತ್ತು. ನೋಟ್‌ಬುಕ್ಕಿನಲ್ಲೂ ಅಷ್ಟೇ.

ಅಡುಗೆಮನೆಗೆ ಹೋಗಿ ಮೊಸರಿನ ಪಾತ್ರೆಯ ತಟ್ಟೆ ಸರಿಸಿದೆ. ನೀರು ನೀರಾಗಿತ್ತು. ನನಗೆ ಕ್ವಾಂಟಮ್ ಅರ್ಥವಾಯಿತು.

ಸಂಜೆ ಮೆಲ್ಲಗೆ ಹೇಳೋಣವೆಂದುಕೊಂಡು ನೋಟ್‌ಬುಕ್ಕನ್ನು ಹಿಟ್ಟಿನ ಡಬ್ಬಿಯೊಳಗೆ ಇಟ್ಟೆ. ಆದರೆ ಸಂಜೆ ಅವರು ಬರುವಾಗಲೇ ಮುಖ ಅರಳಿತ್ತು. "ನಾಳೆ ಅಧಿಕಾರಿಗಳು ಕಳ್ಳನ ಹೆಸರು ಬರೆದುಕೊಂಡು ಬರ್ತಾರಂತೆ. ಕಾವಲುಗಾರ ಅಂತ ನಾನು ಕೆಳಗೆ ಸಹಿ ಹಾಕಿದ್ರೆ ಸಾಕು. ಹಿಂದಿನ ಎಚ್ಚರಿಕೆ ಯಾವುದೂ ನನ್ನ ತಲೆಗೆ ಬರಲ್ಲ. ಕಾಯಂ ಆದಂಗೇ ಲೆಕ್ಕ ಕಣೇ!" ನಮ್ಮತ್ತೆ ಮಗನ ತಲೆ ಸವರಿದರು. ನಾನು ಬಾಯಿಗೆ ಬಂದ ಮಾತನ್ನು ನುಂಗಿ ಊಟಕ್ಕೆ ಬಡಿಸಿದೆ.

ಮರುದಿನ ಬೆಳಗ್ಗೆ ಅಧಿಕಾರಿಯ ಗಾಡಿ ಬೀದಿಯೊಳಗೆ ಬಂದಾಗ ಇಸ್ತ್ರಿಪೆಟ್ಟಿಗೆ ತಣ್ಣಗಾಯಿತು, ದರ್ಜಿಯ ಯಂತ್ರ ನಿಂತಿತು. ಜನ ಡಬ್ಬಿಯಿಂದ ಮುಖ ತಿರುಗಿಸಿಕೊಂಡೇ ಡಬ್ಬಿಯ ಸುತ್ತ ಸೇರಿದರು. ಇಂಜಿನಿಯರ್ ಮೇಡಂ ಕೂಡ ಬಂದಿದ್ದರು. ಅಂಚೆ ಮಾಮನನ್ನು ಹೊರಗೆ ಕರೆಸಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಅವನು ಬಂದು ನಿಂತ.

ಅಧಿಕಾರಿ ಕಾಗದ ಓದಿದರು. "ಸದರಿ ಡಬ್ಬಿಯಿಂದ ಎರಡು ಅಡಿ ಅಂತರದಲ್ಲಿ ದಿನವಿಡೀ ಆಸೀನರಾಗಿರುವ, ಇತರರ ಪತ್ರಗಳನ್ನು ನಿರ್ವಹಿಸಿ ಅನುಭವವಿರುವ, ನಿವೃತ್ತ ಅಂಚೆ ನೌಕರರ ಮೇಲೆ ಬಲವಾದ ಅನುಮಾನವಿದೆ. ಇವರ ಹೆಸರು ಪೊಲೀಸರಿಗೆ ಹೋಗುತ್ತೆ. ಇಲ್ಲಿ ಸಹಿ ಹಾಕಿ."

ನಮ್ಮನೆಯವರು ಪೆನ್ನು ತೆಗೆದುಕೊಂಡವರು ಹಾಗೇ ನಿಂತರು. "ಯಾರು? ಅಂಚೆ ಮಾಮನಾ?"

"ಹೌದು."

"ಅವರು ತಮ್ಮ ಮನೆ ವಿದ್ಯುತ್ ಬಿಲ್ಲನ್ನೇ ಸರಿಯಾಗಿ ನೋಡಲ್ಲ ಸಾರ್!"

"ಬೇರೆ ಯಾರೂ ಹತ್ತಿರ ಇರಲಿಲ್ಲ. ಸಹಿ ಹಾಕಿದ್ರೆ ನಿಮ್ಮ ಕಾಯಂ ಕಾಗದ ಇವತ್ತೇ ಮುಂದೆ ಹೋಗುತ್ತೆ. ಇಲ್ಲ ಅಂದ್ರೆ ನಿಮ್ಮ ಕಾವಲಲ್ಲೇ ಲೋಪ ಅಂತ ಬರೀಬೇಕಾಗುತ್ತೆ."

"ಹಾಕಪ್ಪಾ," ಎಂದ ಅಂಚೆ ಮಾಮ ಮೆಲ್ಲಗೆ. "ನನಗೆ ಈ ವಯಸ್ಸಲ್ಲಿ ಏನು. ನಿನಗೆ ಮಗಳಿದ್ದಾಳೆ."

ನಮ್ಮನೆಯವರು ಪೆನ್ನಿನ ಮುಚ್ಚಳ ಹಾಕಿದರು. "ಸಾಧ್ಯವಿಲ್ಲ ಸಾರ್. ಅವರಲ್ಲ ಅನ್ನೋಕೆ ನನ್ನ ಹತ್ರ ಸಾಕ್ಷಿ ಇದೆ. ಆ ಹೊತ್ತಿನಲ್ಲೆಲ್ಲ ಡಬ್ಬಿ ಹತ್ರ ಇದ್ದದ್ದು ನಾನು. ನಿಮಿಷ ಸಹಿತ ಬರೆದಿಟ್ಟಿದ್ದೀನಿ. ಲೇ, ನನ್ನ ನೋಟ್‌ಬುಕ್ಕೆಲ್ಲಿ?"

ನಾನು ಬಾಗಿಲಲ್ಲಿ ನಿಂತಿದ್ದೆ. ಅಂಚೆ ಮಾಮನ ಮುಖ ನೋಡಿದೆ. ಹನ್ನೊಂದು ವರ್ಷ ಕಾದ ಇವರ ಮುಖವನ್ನೂ ನೋಡಿದೆ. ಒಳಗೆ ಹೋಗಿ ಹಿಟ್ಟಿನ ಡಬ್ಬಿಯಿಂದ ನೋಟ್‌ಬುಕ್ಕು ತೆಗೆದು, ಸೆರಗಿನಿಂದ ಒರೆಸಿ ತಂದುಕೊಟ್ಟೆ.

"ಇದಕ್ಯಾಕೆ ಹಿಟ್ಟು?"

"ಆಮೇಲೆ ಹೇಳ್ತೀನಿ," ಎಂದೆ.

ಅವರು ನ್ಯಾಯಾಲಯದಲ್ಲಿ ನಿಂತವರಂತೆ ಗಂಟಲು ಸರಿಮಾಡಿಕೊಂಡು ಓದಿದರು. "ಹದಿನೈದನೇ ದಿನ, ಬೆಳಗ್ಗೆ ಏಳು ಹತ್ತು. ತೆರೆದು ನೋಡಿದೆ. ಯಾರೂ ತೆರೆದಿಲ್ಲ."

ಅಧಿಕಾರಿ ತಮ್ಮ ಪಟ್ಟಿಯ ಮೇಲೆ ಬೆರಳಿಟ್ಟರು. "ಏಳು ಹತ್ತು. ಎಚ್ಚರಿಕೆ."

"ನೋಡಿದ್ರಾ! ಒಂಬತ್ತು ನಲವತ್ತು. ತೆರೆದು ನೋಡಿದೆ. ಸುರುಳಿ ಒತ್ತಿ ನೋಡಿದೆ. ಭದ್ರವಾಗಿದೆ."

"ಒಂಬತ್ತು ನಲವತ್ತು. ಎಚ್ಚರಿಕೆ."

"ಹನ್ನೊಂದು ಇಪ್ಪತ್ತೈದು! ಧೂಳಿತ್ತು, ಊದಿದೆ."

"ಹನ್ನೊಂದು ಇಪ್ಪತ್ತೈದು…" ಅಧಿಕಾರಿಯ ಬೆರಳು ನಿಧಾನವಾಯಿತು. "ದೊಡ್ಡ ಎಚ್ಚರಿಕೆ."

"ಎಂಥ ಕಳ್ಳ ಸಾರ್ ಅವನು!" ನಮ್ಮನೆಯವರ ದನಿ ಏರುತ್ತಲೇ ಇತ್ತು. "ನಾನು ಡಬ್ಬಿ ತೆಗೆದು ಕೈಯಿಟ್ಟುಕೊಂಡು ನಿಂತಿರುವಾಗಲೇ ಕದ್ದಿದ್ದಾನೆ! ಒಂದು ಸಲವಾದರೂ ತಪ್ಪಿಸಿಲ್ಲ!"

ಮೇಡಂ ಫೈಲಿನಿಂದ ಬಾಯಿ ಮುಚ್ಚಿಕೊಂಡರು. ಇಸ್ತ್ರಿಯವನು ಬಾಯಿ ತೆರೆದ. ದರ್ಜಿಯ ಹೆಂಡತಿ ಇಷ್ಟು ದಿನಗಳಲ್ಲಿ ಮೊದಲ ಸಲ ಡಬ್ಬಿಯನ್ನು ನೇರವಾಗಿ ನೋಡಿ, ಆಮೇಲೆ ನಮ್ಮನೆಯವರನ್ನು ನೋಡಿದರು. ಇಡೀ ಬೀದಿಗೆ ಅರ್ಥವಾಗಿತ್ತು, ಒಬ್ಬರಿಗೆ ಬಿಟ್ಟು.

"ಅಂದ್ರೆ," ಎಂದು ಅವರು ದನಿ ತಗ್ಗಿಸಿದರು, "ಆ ಕಳ್ಳ ನನ್ನ ಬೆನ್ನ ಹಿಂದೆಯೇ ನಿಂತಿದ್ದ ಅಂತಾಯ್ತು!" ಹಾಗೆಂದು ಸರಕ್ಕನೆ ಹಿಂದೆ ತಿರುಗಿದರು. ಅಲ್ಲಿದ್ದ ಇಸ್ತ್ರಿಯವನು ಒಂದೇ ನೆಗೆತಕ್ಕೆ ಪಕ್ಕಕ್ಕೆ ಹಾರಿದ.

"ಬೆನ್ನ ಹಿಂದೆ ಅಲ್ಲ ಕಣೋ," ಎಂದರು ನಮ್ಮತ್ತೆ. "ನಿನ್ನ ಅಂಗಿಯೊಳಗೇ ನಿಂತಿದ್ದ."

ಮೇಡಂ ಮುಂದೆ ಬಂದು ಸಮಾಧಾನವಾಗಿ ಹೇಳಿದರು. "ಫೋನಿನ ಲೈನಲ್ಲಿ ಲಕ್ಷಾಂತರ ಕಣ ಒಟ್ಟಿಗೆ ಹೋಗ್ತವೆ, ನೀವು ಸುರುಳಿ ಒತ್ತಿದ್ರೂ ಅದಕ್ಕೆ ಗೊತ್ತಾಗಲ್ಲ. ಇಲ್ಲಿ ಹೋಗೋದು ಒಂದೊಂದೇ ಕಣ. ನೀವು ಬೆರಳಿಟ್ಟು ಎಳೆ ಚೂರು ಬಾಗಿದ್ರೂ ಆ ಕಣ ವಾಲಿರೋ ದಿಕ್ಕೇ ಬದಲಾಗುತ್ತೆ. ಯಂತ್ರಕ್ಕೆ ಕಳ್ಳನ ಕೈಯೂ ಒಂದೇ, ನಿಮ್ಮ ಕೈಯೂ ಒಂದೇ."

ನಮ್ಮನೆಯವರು ಮೆಟ್ಟಿಲ ಮೇಲೆ ಕೂತರು. ನೋಟ್‌ಬುಕ್ಕನ್ನು ಒಮ್ಮೆ ಮಡಚಿದರು, ಒಮ್ಮೆ ತೆರೆದರು. ಆಮೇಲೆ ತಲೆಯೆತ್ತಿ ಅಧಿಕಾರಿಯನ್ನು ಕೇಳಿದರು:

"ಹಾಗಾದ್ರೆ ಅಂಚೆ ಮಾಮ ಅಲ್ಲ ತಾನೆ?"

"ಅಲ್ಲ."

"ಸದ್ಯ," ಎಂದರು.

ಅಧಿಕಾರಿ ಕಾಗದದಲ್ಲಿದ್ದ ಹೆಸರು ಹೊಡೆದುಹಾಕಿ ಇವರ ಹೆಸರು ಬರೆದರು. ಅಂಚೆ ಮಾಮ ಬಗ್ಗಿ ನೋಡಲಿಲ್ಲ, ಆದರೆ ಕೇಳಿದ. "ಕಳ್ಳ ಅಂತ ಬರೀಬೇಡಿ ಸ್ವಾಮಿ. ಅತಿ ಎಚ್ಚರದ ಕಾವಲುಗಾರ ಅಂತ ಬರೀರಿ."

"ಆ ಹೆಸರಿನ ಕಾಲಮ್ಮೇ ಇಲ್ಲ ಇದರಲ್ಲಿ," ಎಂದರು ಅಧಿಕಾರಿ. ಅವರ ಕಿರಿದಾದ ನಗು ಮೊದಲ ಬಾರಿಗೆ ಸ್ವಲ್ಪ ಅಗಲವಾಗಿತ್ತು. "ಆದರೆ ಮೂವತ್ತು ದಿನದ ಷರತ್ತು ಮಾತ್ರ ಮುರಿದುಬಿತ್ತು. ಅದಕ್ಕೆ ನಾನೇನೂ ಮಾಡೋಕಾಗಲ್ಲ." ಬೀಗದಕೈಯನ್ನು ಇಸಿದುಕೊಂಡು ಗಾಡಿ ಹತ್ತಿದರು. ಅಷ್ಟರಲ್ಲಿ, ಯಾರೂ ಕೇಳದಿದ್ದರೂ, ನಮ್ಮನೆಯವರು ತಾವಾಗಿಯೇ ಕಾಗದದ ಕೆಳಗೆ ಸಹಿ ಹಾಕಿದ್ದರು.

ಮೇಡಂ ಮಾತ್ರ ಹೊರಡಲಿಲ್ಲ. ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಿದ್ದರು. "ಅರವತ್ತೆರಡು ಸಲ ತೆರೆದಿದ್ದೀರಿ."

"ತಪ್ಪಾಯ್ತು ಮೇಡಂ."

"ಅರವತ್ತೆರಡು ಸಲಾನೂ ಯಂತ್ರ ಹಿಡಿದಿದೆ. ಒಂದೂ ಬಿಟ್ಟಿಲ್ಲ. ನೀವು ತೆರೆಯದೆ ಇದ್ದಾಗ ಒಂದು ಸಲಾನೂ ಸುಮ್ಮನೆ ಕೂಗಿಲ್ಲ. ನಮ್ಮ ಪರೀಕ್ಷೆಯಲ್ಲಿ ಕಳ್ಳನ ವೇಷ ಹಾಕೋರು ನಮ್ಮವರೇ. ಯಾವಾಗ ಕೈ ಹಾಕ್ತಾರೆ ಅಂತ ಮೊದಲೇ ಗೊತ್ತಿರುತ್ತೆ. ಇಷ್ಟು ನಂಬಿಕೆಯಿಂದ, ಇಷ್ಟು ದಿನ, ನಿಮಿಷ ಬರೆದಿಟ್ಟುಕೊಂಡು ಕದ್ದವರು ನಮಗೆ ಸಿಕ್ಕೇ ಇರಲಿಲ್ಲ. ಇದನ್ನ ನಾನು ತಗೊಂಡು ಹೋಗ್ಲಾ?"

"ತಗೊಳ್ಳಿ," ಎಂದರು ಇವರು. "ಹಿಟ್ಟು ಸ್ವಲ್ಪ ಕೊಡವಿಕೊಳ್ಳಿ."

ಎರಡು ತಿಂಗಳು ಯಾವ ಸುದ್ದಿಯೂ ಇರಲಿಲ್ಲ. ಆಮೇಲೊಂದು ಬೆಳಗ್ಗೆ ಲಕೋಟೆ ಬಂತು. ಕಾಯಂ! ನಮ್ಮತ್ತೆ ಆ ಹಾಳೆಯನ್ನು ಮೂರು ಸಲ ಓದಿಸಿಕೊಂಡರು. ಕೆಲಸ ಬೀದಿಯಲ್ಲಲ್ಲ, ಪರೀಕ್ಷಾ ಕೊಠಡಿಯಲ್ಲಿ. ಹೊಸದಾಗಿ ಬರುವ ಪ್ರತಿಯೊಂದು ಕ್ವಾಂಟಮ್ ಲೈನಿನ ಡಬ್ಬಿಯನ್ನು ತಮಗೆ ತೋಚಿದ ಹೊತ್ತಿಗೆ, ತೋಚಿದ ರೀತಿಯಲ್ಲಿ, ಲೈನಿಗೆ ಗೊತ್ತಾಗದಂತೆ ತೆರೆಯಲು ಪ್ರಯತ್ನಿಸಬೇಕು. ಗೊತ್ತಾದರೆ ಲೈನು ಪಾಸು. ಗೊತ್ತಾಗದಿದ್ದರೆ ಲೈನನ್ನು ಕಳಿಸಿದವರಿಗೆ ವಾಪಸು.

ನಮ್ಮನೆಯವರು ಈಗ ದಿನಾ ಬೆಳಗ್ಗೆ ಕದಿಯಲು ಹೊರಡುತ್ತಾರೆ. ಮಗಳು ಬುತ್ತಿಯ ಚೀಲ ಕೈಗಿಡುತ್ತಾಳೆ. ಸಂಜೆ ಬೀದಿಯ ತಿರುವಿನಲ್ಲಿ ಅವರು ಕಂಡ ಕೂಡಲೇ, ಜಗಲಿಯ ಕುರ್ಚಿಯಿಂದ ಅಂಚೆ ಮಾಮ ಪದಬಂಧ ಕೆಳಗಿಟ್ಟು ಕೂಗುತ್ತಾನೆ.

"ಏನಪ್ಪಾ, ಇವತ್ತು?"

"ಹದಿನಾಲ್ಕು ಸಲ ಸಿಕ್ಕಿಬಿದ್ದೆ ಮಾಮ!"

"ಭೇಷ್!"

ನಾನು ಅಡುಗೆಮನೆಯಲ್ಲಿ ಅದನ್ನು ಕೇಳಿಸಿಕೊಂಡು ಚಹಾಕ್ಕೆ ನೀರಿಡುತ್ತೇನೆ. ಗಂಡ ಸಿಕ್ಕಿಬಿದ್ದನೆಂದು ದಿನಾ ಕೇಳಿ ನೆಮ್ಮದಿಯಾಗಿ ಒಲೆ ಹಚ್ಚುವ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.